ಮೂಕ ಗಿಟಾರುಗಳ ಕಾಯಿಲ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯಲ್ಲಿ ಹಾಲಿನ ಗಾಡಿ ಹೋದ ಸದ್ದು ಬಿಟ್ಟರೆ ಎಲ್ಲ ನಿಶ್ಶಬ್ದ. ಮೋಟಾರ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಪೂರ್ವದ ಕಿಟಕಿಗೆ ಒತ್ತಿಟ್ಟ ಮೇಜಿನ ಮುಂದೆ, ಐವತ್ತು ದಾಟಿದ ಹೆಂಗಸೊಬ್ಬರು ರವಿಕೆಯ ತೋಳು ಮಡಚಿಕೊಂಡು ಕೂತಿದ್ದಾರೆ. ಹಳೆಯ ಹೊಲಿಗೆ ಯಂತ್ರದಿಂದ ಕಳಚಿ ತಂದ ಪುಟ್ಟ ಮೋಟಾರೊಂದು ಮೇಜಿನ ಮೇಲೆ ಗುಂಯ್‌ಗುಡುತ್ತಿದೆ. ಅದರ ತುದಿಯಲ್ಲಿ ಬೆರಳುದ್ದದ ಚೌಕಟ್ಟೊಂದು ಗಿರಗಿರನೆ ತಿರುಗುತ್ತಿದೆ. ಅವರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಏನೋ ಇದೆ, ಆದರೆ ನೋಡುವವರ ಕಣ್ಣಿಗೆ ಕಾಣಿಸುವುದಿಲ್ಲ. ಕಿಟಕಿಯ ಬೆಳಕು ಒಂದು ಕೋನಕ್ಕೆ ಬಂದಾಗ ಮಾತ್ರ ಕೆಂಪಗೆ ಒಂದು ಗೆರೆ ಹೊಳೆದು ಮಾಯವಾಗುತ್ತದೆ. ಅದು ತಾಮ್ರದ ತಂತಿ. ತಲೆಗೂದಲಿಗಿಂತ ಸಣ್ಣದು.

ಕೋಣೆಯಲ್ಲಿ ಈ ಹೊತ್ತಿಗೇ ಸಣ್ಣ ಸೆಖೆ. ತಲೆಯ ಮೇಲೊಂದು ಫ್ಯಾನು ಇದೆ, ಓಡುತ್ತಿಲ್ಲ.

"ಊರ ಫ್ಯಾನೆಲ್ಲಾ ರಿಪೇರಿ ಮಾಡೋ ಮನೆ ಇದು. ನಮ್ಮ ಫ್ಯಾನು ಮಾತ್ರ ಹಾಕೋ ಹಾಗಿಲ್ಲ," ಎಂದು ಅವರು ತಿರುಗಿ ನೋಡದೆಯೇ ನಗುತ್ತಾರೆ. "ಗಾಳಿಗೆ ತಂತಿ ಓಲಾಡುತ್ತೆ. ಓಲಾಡಿದ್ರೆ ಕಿತ್ತು ಹೋಗುತ್ತೆ. ಕಿತ್ತು ಹೋದ್ರೆ ಮೊದಲಿಂದ. ಅದಕ್ಕೇ ತಂಪು ಹೊತ್ತಲ್ಲೇ ಕೂರೋದು. ಲಾರಿಗಳು ಶುರುವಾದ ಮೇಲೆ ಮೇಜು ನಡುಗುತ್ತೆ, ಆಮೇಲೆ ನಾನು ಎದ್ದು ಒಲೆ ಹಚ್ಚೋದು."

ವಾದ್ಯಗೋಷ್ಠಿಯವರು, ಹೋಟೆಲಿನಲ್ಲಿ ನುಡಿಸುವವರು, ಹಳೆಯ ಎಲೆಕ್ಟ್ರಿಕ್ ಗಿಟಾರುಗಳ ಹುಚ್ಚು ಹಿಡಿದವರು ಎಲ್ಲರೂ ಇವರನ್ನು ಕರೆಯುವುದು ಕಾಯಿಲ್ ಅಕ್ಕ ಎಂದು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಪುಟ್ಟ ಪಟ್ಟಿ ಇರುತ್ತದೆ. ಒಳಗೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಸಣ್ಣ ತಂತಿ; ಆ ಸುರುಳಿಯೇ ಕಾಯಿಲ್. ಮೇಲೆ ಗಿಟಾರಿನ ತಂತಿ ಕಂಪಿಸಿದರೆ ಈ ಸುರುಳಿಗೆ ಅದು ಗೊತ್ತಾಗುತ್ತದೆ, ಗೊತ್ತಾದದ್ದನ್ನು ಸ್ಪೀಕರಿಗೆ ದಾಟಿಸುತ್ತದೆ. ಸುರುಳಿಯಲ್ಲಿ ಎಲ್ಲೋ ಒಂದು ಕಡೆ ತಂತಿ ತುಂಡಾದರೆ ಮುಗಿಯಿತು. ಎಂಥ ಗಿಟಾರಾದರೂ ಬರೀ ಹಲಗೆ. ಅಂಥ ಹಲಗೆಗಳು ಅಕ್ಕನ ಮೇಜಿಗೆ ಬರುತ್ತವೆ, ವಾರಕ್ಕೆ ಎರಡೋ ಮೂರೋ. ಹೋಗುವಾಗ ಹಾಡಿಕೊಂಡು ಹೋಗುತ್ತವೆ. ವೇದಿಕೆಯ ಮೇಲೆ ನುಡಿಸುವವನಿಗೆ ಚಪ್ಪಾಳೆ ಬೀಳುತ್ತದೆ. ಆ ದನಿ ಯಾರ ಬೆರಳ ಸಂದಿನಿಂದ ಹಾದು ಬಂತು ಎಂದು ಕೇಳಿದವರಿಲ್ಲ.

ಅಕ್ಕ ಈ ಮನೆಗೆ ಸೊಸೆಯಾಗಿ ಬಂದಾಗ ಗಿಟಾರು ಎಂಬ ಪದಾರ್ಥವನ್ನು ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ನೋಡಿದವರಲ್ಲ. ಮನೆ ತುಂಬ ಇದ್ದದ್ದು ಸುಟ್ಟ ಮೋಟಾರುಗಳು. ಗಂಡ ಮುಂದಿನ ಅಂಗಡಿಯಲ್ಲಿ ಪಂಪು, ಮಿಕ್ಸಿ, ಫ್ಯಾನು ಬಿಚ್ಚಿ ಹರಡಿಕೊಂಡು ಕೂರುತ್ತಿದ್ದರು. ಕಾಯಿಲ್ ಸುತ್ತುವ ಕೆಲಸ ಮಾತ್ರ ಹಿಂದಿನ ಕೋಣೆಯಲ್ಲಿ ಅತ್ತೆಯದು. ಮಾವನಿಗೆ ಬೆರಳು ದಪ್ಪ, ಸಹನೆ ಸಣ್ಣದು. ಹಾಗಾಗಿ ಅತ್ತೆಯೇ ಕಲಿತು, ಇಡೀ ಬೀದಿಯ ಮೋಟಾರುಗಳಿಗೆ ತಂತಿ ಸುತ್ತಿದ್ದರು.

"ಮದುವೆಯಾಗಿ ಬಂದ ವಾರವೇ ನನ್ನ ಕೈ ಹಿಡಿದು ನೋಡಿದ್ರು. ಬಳೆ ಅಳತೆಗೆ ಅಂದ್ಕೊಂಡೆ," ಎಂದು ಅಕ್ಕ ನೆನೆಯುತ್ತಾರೆ. "'ಬೆರಳು ಬೆವರೋದಿಲ್ಲ, ಒಳ್ಳೇದಾಯ್ತು' ಅಂದ್ರು. ಮಾರನೇ ದಿನ ಕೂರಿಸಿಬಿಟ್ಟರು. ಒಂದು ತಿಂಗಳು ಬರೀ ಕಿತ್ತು ಹಾಕಿದ್ದೇ. ನಾನು ಅತ್ತಿದ್ದು ನಮ್ಮವರಿಗೂ ಗೊತ್ತಿಲ್ಲ. ಬೈಗುಳ ಕೇಳಿ ಅಲ್ಲ. ಅತ್ತೆ ಬೈಯೋದೇ ಇಲ್ಲ, ಸುಮ್ಮನೆ ನಾನು ಸುತ್ತಿದ್ದನ್ನ ಬಿಚ್ಚಿಬಿಡೋರು. ಅದಕ್ಕಿಂತ ಬೈದಿದ್ರೆ ಎಷ್ಟೋ ವಾಸಿ."

ಅತ್ತೆ ಈಗಲೂ ಇದ್ದಾರೆ. ಕಿಟಕಿಯ ಪಕ್ಕದ ಬೆತ್ತದ ಕುರ್ಚಿ ಅವರದು. ಕಣ್ಣು ಮಂಜು, ಕಿವಿ ಒಂದು ಪಕ್ಕ ಚುರುಕು, ನಾಲಿಗೆ ಎರಡು ಪಕ್ಕವೂ ಚುರುಕು. "ಅತ್ತರೆ ಬೆರಳು ಒದ್ದೆ ಆಗುತ್ತೆ ಅಂತ ಇವಳಿಗೆ ಹೇಳಿಕೊಟ್ಟವಳೇ ನಾನು. ಆಮೇಲೆ ಅಳೋದು ನಿಲ್ಲಿಸಿದ್ಲು," ಎನ್ನುತ್ತಾರೆ.

ನಡುವೆ ಒಂದು ಕಷ್ಟದ ಕಾಲ ಬಂತು. ಅಗ್ಗದ ಫ್ಯಾನು, ಅಗ್ಗದ ಮಿಕ್ಸಿ ಬೀದಿಗೆ ಬಂದವು. ಸುಟ್ಟರೆ ಜನ ಎಸೆದು ಹೊಸದು ತಂದರು. ಕಾಯಿಲ್ ಕಟ್ಟಿಸಲು ಬರುವವರು ತೀರಾ ಕಡಿಮೆಯಾದರು. ಗಂಡ ಬೇರೆಯವರ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋದರು. ಅಕ್ಕ ಹಿಂದಿನ ಕೋಣೆಯ ಮೇಜಿಗೆ ಬಟ್ಟೆ ಹೊದಿಸಿ, ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟರು. ನೆರೆಹೊರೆಯವರ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಕೆಲವು ವರ್ಷ ಕಳೆದವು.

"ಕೆಲಸ ಕೀಳು ಅಂತಲ್ಲ. ಆದ್ರೆ ಕೈಗೆ ಬೇಜಾರು ಬಂದುಬಿಟ್ಟಿತ್ತು," ಎನ್ನುತ್ತಾರೆ ಅಕ್ಕ. "ಕೈಗೂ ಬೇಜಾರಾಗುತ್ತೆ ಅಂದ್ರೆ ನಮ್ಮವರು ನಗೋರು."

ಹಾಗಿರುವಾಗ ಒಂದು ಮಧ್ಯಾಹ್ನ ಹೋಟೆಲಿನ ಗಿಟಾರಿನವರು ಬಾಗಿಲಲ್ಲಿ ನಿಂತರು. ದೊಡ್ಡ ಹೋಟೆಲಿನ ಊಟದ ಕೋಣೆಯಲ್ಲಿ ವಾರಕ್ಕೊಮ್ಮೆ ನುಡಿಸುವ ತಂಡದ ಹಿರಿಯರು ಅವರು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಸಣ್ಣ ಪಟ್ಟಿ, ದನಿ ನಿಂತ ಪಿಕಪ್ಪು. ಬಿಚ್ಚಿ ತೋರಿಸಿದರು. "ಅಕ್ಕಾ, ಇದೂ ಕಾಯಿಲ್ ತಾನೇ?"

ಅಕ್ಕ ತಿರುಗಿಸಿ ನೋಡಿದರು. "ಕಾಯಿಲ್ಲೇ. ಆದ್ರೆ ಇಷ್ಟು ಸಣ್ಣ ತಂತಿ ನಾನು ಮುಟ್ಟೇ ಇಲ್ಲ, ಅಣ್ಣ."

"ನಾನೂ ಇಷ್ಟು ಕಷ್ಟದಲ್ಲಿ ಯಾವತ್ತೂ ಬಿದ್ದಿಲ್ಲ. ಇಬ್ಬರಿಗೂ ಹೊಸದು."

ಅಕ್ಕ ಒಪ್ಪಿಕೊಂಡರು. ಸರಿಯಾದ ತಂತಿ ಹುಡುಕುವುದೇ ಒಂದು ಸಾಹಸ. ಗಡಿಯಾರ ರಿಪೇರಿಯವರೊಬ್ಬರು ಎಲ್ಲಿಂದಲೋ ತರಿಸಿಕೊಟ್ಟರು. ಮೋಟಾರಿಗೆ ಸುತ್ತಿ ಅಭ್ಯಾಸವಾದ ಕೈ, ನಾಲ್ಕು ಸುತ್ತು ಹೆಚ್ಚಿದ್ದರೆ ಗಟ್ಟಿಯಾಗಿರುತ್ತದೆ ಎಂದು ಧಾರಾಳವಾಗಿ ಸುತ್ತಿಬಿಟ್ಟಿತು. ಗಿಟಾರಿನವರು ಜೋಡಿಸಿ ನುಡಿಸಿ ನೋಡಿದರು. ಇನ್ನೊಮ್ಮೆ ಮೀಟಿದರು. ಆಮೇಲೆ ಅಂದರು: "ಅಕ್ಕಾ, ಮಾತು ಬಂತು. ಆದ್ರೆ ನೆಗಡಿ ಆಗಿದೆ."

ಅತ್ತೆ ಕುರ್ಚಿಯಲ್ಲೇ ಬಿದ್ದು ಬಿದ್ದು ನಕ್ಕರು. ಅಕ್ಕನಿಗೂ ನಗು. ಆದರೆ ಅವತ್ತೇ ಬಿಚ್ಚಿದರು. ಎರಡನೇ ಸಲ ಸುತ್ತಿದ್ದು ಕೀರಲು ದನಿಯಾಯಿತು. ಮೂರನೇ ಸಲಕ್ಕೆ ಮುಂಚೆ ಗಿಟಾರಿನವರು ಅಕ್ಕನನ್ನು ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಕರೆದೊಯ್ದು, ತಂಡ ಅಭ್ಯಾಸ ಮಾಡುವಾಗ ಮೂಲೆಯಲ್ಲಿ ಕೂರಿಸಿದರು. ಯಾವ ದನಿ ಬೇಕು ಎಂದು ಅಕ್ಕ ಮೊದಲು ಕಿವಿಯಿಂದ ತಿಳಿದುಕೊಂಡರು. ಆಮೇಲೆ ಕೈಗೆ ಹೇಳಿದರು. ಮೂರನೆಯದು ಸರಿಹೋಯಿತು. ಮೇಜಿನ ಮೇಲಿನ ಇಸ್ತ್ರಿ ಪೆಟ್ಟಿಗೆ ಮತ್ತೆ ಅಡುಗೆಮನೆಯ ಕಪಾಟು ಸೇರಿತು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹಬ್ಬಿತು. ಕೆಲವು ವರ್ಷಕ್ಕೆ ಗಂಡನೂ ಪಾಳಿ ಬಿಟ್ಟು ತಮ್ಮ ಅಂಗಡಿಗೆ ಮರಳಿದರು.

ಹೊಸ ಗಿಟಾರುಗಳು ಅಂಗಡಿ ತುಂಬ ಸಿಗುತ್ತವೆ, ಹೊಳೆಯುತ್ತವೆ, ತಪ್ಪದೆ ನುಡಿಯುತ್ತವೆ. ಹಾಗಿದ್ದರೂ ಜನ ಬಣ್ಣ ಉದುರಿದ, ಮೂಲೆ ಸವೆದ, ತಮಗಿಂತ ವಯಸ್ಸಾದ ಗಿಟಾರುಗಳ ಹಿಂದೆ ಯಾಕೆ ಬೀಳುತ್ತಾರೆ? ಅಕ್ಕನ ಕೋಣೆಯಲ್ಲಿ ಈ ಚರ್ಚೆ ಚಹಾದ ಜೊತೆ ದಿನವೂ ನಡೆಯುತ್ತದೆ. ನುಡಿಸುವವರು ಹೇಳುವುದು ಒಂದು. ಮರ ಒಣಗಿ ಹಗುರಾಗಿರುತ್ತದೆ, ಹಿಡಿಕೆ ಎಷ್ಟೋ ಕೈಗಳಲ್ಲಿ ಸವೆದು ನುಣುಪಾಗಿರುತ್ತದೆ, ಹಳೆಯ ಚಪ್ಪಲಿ ಕಾಲಿಗೆ ಒಗ್ಗಿದ ಹಾಗೆ ಕೈಗೆ ಒಗ್ಗುತ್ತದೆ. ಅಯಸ್ಕಾಂತಕ್ಕೂ ವಯಸ್ಸಾಗಿ ದನಿಯ ಚೂಪು ಕಡಿಮೆಯಾಗಿರುತ್ತದೆ. ಸಂಗ್ರಹ ಮಾಡುವವರು ಹೇಳುವುದು ಇನ್ನೊಂದು. ಕಾರ್ಖಾನೆಯಿಂದ ಹೊರಟಾಗ ಇದ್ದ ಸ್ಕ್ರೂ, ಇದ್ದ ಬೆಸುಗೆ, ಇದ್ದ ತಂತಿ ಹಾಗೇ ಇರಬೇಕು. ಕೆಂಪು ಬಣ್ಣ ಬಿಸಿಲಿಗೆ ಕಿತ್ತಳೆಯಾಗಿದ್ದರೆ ಅದೂ ಅದರ ಸೊತ್ತು. ಒಂದು ಸ್ಕ್ರೂ ಹೊಸದಾದರೂ ಅವರ ಮುಖ ಬಾಡುತ್ತದೆ.

ಅಕ್ಕನನ್ನು ಕೇಳಿದರೆ ಅವರ ಉತ್ತರ ಬೇರೆ. "ಆಗಿನ ಕಾಲದಲ್ಲಿ ಇದನ್ನೆಲ್ಲ ಕೈಯಲ್ಲೇ ಸುತ್ತುತಾ ಇದ್ರಂತೆ, ಸಾಲಾಗಿ ಕೂತು. ಹೆಂಗಸರೇ ಜಾಸ್ತಿ. ಒಬ್ಬಳು ಬಿಗಿ ಸುತ್ತೋಳು, ಒಬ್ಬಳು ಸಡಿಲ. ಒಬ್ಬಳಿಗೆ ಅವತ್ತು ಮನೇಲಿ ಮಗುಗೆ ಜ್ವರ ಇದ್ದಿರುತ್ತೆ, ಎಲ್ಲೋ ಒಂದು ನೂರು ಸುತ್ತು ಹೆಚ್ಚು ಕಮ್ಮಿ ಆಗಿರುತ್ತೆ. ಅದಕ್ಕೇ ಒಂದರ ದನಿ ಇನ್ನೊಂದಕ್ಕೆ ಇರಲ್ಲ. ಈಗಿನದು ಮಷೀನು, ಎಲ್ಲಾ ಒಂದೇ ಅಚ್ಚು. ತಪ್ಪೇನಿಲ್ಲ. ಆದ್ರೆ ಜನಕ್ಕೆ ಮುಖ ಬೇಕಲ್ವಾ?"

ಅಕ್ಕನ ಕೆಲಸದಲ್ಲೇ ಮರೆಯಲಾಗದ್ದು ಯಾವುದೆಂದು ಕೇಳಿದರೆ ಅವರು ಒಡನೆ ಹೇಳುವುದು ಹೋದ ವರ್ಷದ ಕಥೆ. ಆವತ್ತು ಹೋಟೆಲಿನ ಗಿಟಾರಿನವರ ಜೊತೆ ಹಲ್ಲಿನ ಡಾಕ್ಟರೊಬ್ಬರು ಬಂದಿದ್ದರು. ಡಾಕ್ಟರ ಕೈಯಲ್ಲಿ ಉದ್ದನೆಯ ಪೆಟ್ಟಿಗೆ. ಅದನ್ನು ಮೇಜಿನ ಮೇಲಿಟ್ಟ ರೀತಿ ನೋಡಿಯೇ ಒಳಗೆ ಏನೋ ಜೀವದಂಥ ವಸ್ತು ಇದೆ ಎಂದು ಅಕ್ಕನಿಗೆ ಗೊತ್ತಾಯಿತು.

ಮುಚ್ಚಳ ತೆಗೆದರು. ಕಿತ್ತಳೆಗೆ ತಿರುಗಿದ ಕೆಂಪು ಗಿಟಾರು. ಮೊಣಕೈ ಒರಗುವ ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು.

"ಅದು ನನ್ನ ಮೊಣಕೈ," ಎಂದರು ಗಿಟಾರಿನವರು, ಆ ಸವೆದ ಜಾಗವನ್ನು ಬೆರಳಿನಿಂದ ಮುಟ್ಟಿ.

ಕಥೆ ಇಷ್ಟು. ಆ ಗಿಟಾರು ಮೊದಲು ಅವರದೇ. ಪ್ರಾಯದಲ್ಲಿ ಹೋಟೆಲಿನಲ್ಲಿ ನುಡಿಸುತ್ತಿದ್ದದ್ದು ಅದನ್ನೇ. ಆಗ ಡಾಕ್ಟರಿಗೆ ಹೊಸದಾಗಿ ಮದುವೆಯಾಗಿತ್ತು. ಪ್ರತಿ ಶನಿವಾರ ಹೆಂಡತಿಯ ಜೊತೆ ಅಲ್ಲಿಗೆ ಊಟಕ್ಕೆ ಹೋಗಿ, ವೇದಿಕೆಯ ಹತ್ತಿರದ ಮೇಜನ್ನೇ ಹಿಡಿಯುತ್ತಿದ್ದರು. ಆಮೇಲೆ ಕಾಲ ಬದಲಾಗಿ ಹೋಟೆಲಿನವರು ತಂಡವನ್ನು ಬಿಡಿಸಿ, ಹಾಡು ಹಾಕುವ ಯಂತ್ರ ತಂದಿಟ್ಟರು. ಗಿಟಾರಿನವರು ಟ್ಯಾಕ್ಸಿ ಓಡಿಸಿದರು. ಗಿಟಾರು ಮಂಚದ ಕೆಳಗೆ ಬೂಷ್ಟು ಹಿಡಿಯತೊಡಗಿತು. ಅದನ್ನು ಕೇಳಿ ಪಡೆದವರು ಡಾಕ್ಟರು. ಒರೆಸಿ, ಗಾಜಿನ ಕಪಾಟಿನಲ್ಲಿಟ್ಟರು. ಆ ಕಪಾಟಿಗೆ ಒಂದೊಂದೇ ಹಳೆಯ ಗಿಟಾರು ಸೇರುತ್ತಾ ಒಂದು ಕೋಣೆಯೇ ತುಂಬಿತು. ಮುಂದೆ ಹೋಟೆಲಿನವರಿಗೆ ಮತ್ತೆ ತಂಡ ಬೇಕಾಯಿತು, ಗಿಟಾರಿನವರು ಬೇರೊಂದು ಗಿಟಾರು ಹಿಡಿದು ಹೋದರು. ಹೋದ ವರ್ಷದ ಹೊತ್ತಿಗೆ ಅವರ ಬೆರಳಿನ ಗಿಣ್ಣುಗಳು ಬಿಗಿಯತೊಡಗಿದ್ದವು. ಇನ್ನು ಸಾಕು ಎಂದು ತೀರ್ಮಾನಿಸಿದ್ದರು. ಕೊನೆಯ ಶನಿವಾರ ತಮ್ಮ ಹಳೆಯ ಗಿಟಾರಿನಲ್ಲೇ ನುಡಿಸಬೇಕೆಂಬ ಆಸೆ. ಡಾಕ್ಟರು ಸಂತೋಷದಿಂದಲೇ ಒಪ್ಪಿ ಕಪಾಟಿನಿಂದ ತೆಗೆದರೆ, ಅದು ಮೂಕವಾಗಿತ್ತು.

"ಯಾವಾಗ ನಿಂತಿದ್ದೋ ಗೊತ್ತಿಲ್ಲಮ್ಮ. ನಾನು ನುಡಿಸೋನಲ್ಲ, ನೋಡೋನು," ಎಂದರು ಡಾಕ್ಟರು. "ಆದ್ರೆ ಒಂದು ಮಾತು. ಒಳಗಿನ ತಂತಿ ಅದೇ ಇರಬೇಕು. ಹೊಸದು ಸುತ್ತೋದಾದ್ರೆ ನಂಗೆ ಬೇಡ."

"ಮಾತಾಡದೇ ಇರೋ ಗಿಟಾರು ಇಟ್ಟುಕೊಂಡು ಏನು ಮಾಡ್ತೀರಿ ಡಾಕ್ಟ್ರೆ?" ಗಿಟಾರಿನವರ ದನಿ ಸ್ವಲ್ಪ ಏರಿತು.

"ಇದು ಹೇಗಿತ್ತೋ ಹಾಗೇ ಉಳೀಲಿ ಅಂತ ಇಷ್ಟು ವರ್ಷ ಕಾದಿದ್ದೀನಿ. ನಿನ್ನ ಹತ್ರವೇ ಇದ್ದಿದ್ರೆ ಇದು ಇರ್ತಿತ್ತಾ?"

ಇಬ್ಬರೂ ಮುಖ ಊದಿಸಿಕೊಂಡರು. ಅಕ್ಕ ಚಹಾ ಇಟ್ಟರು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತಂತಿ ಮೇಲಿನ ಸುತ್ತುಗಳಲ್ಲೇ ತುಂಡಾಗಿದ್ದರೆ ಅಷ್ಟನ್ನು ಬಿಚ್ಚಿ, ಬೆಸೆದು, ಅದೇ ತಂತಿಯನ್ನು ಮತ್ತೆ ಸುತ್ತಬಹುದು. ಒಳಗೆ ಆಳದಲ್ಲಿದ್ದರೆ ಕಷ್ಟ. ಹಳೆಯ ತಂತಿಯ ಮೇಲ್ಪದರ ಪುಡಿಯಾಗಿರುತ್ತದೆ, ಬಿಚ್ಚುವಾಗ ಇನ್ನೂ ನಾಲ್ಕು ಕಡೆ ಕಿತ್ತು ಹೋಗಬಹುದು. ಆಗ ಹಳೆಯದೂ ಇಲ್ಲ, ದನಿಯೂ ಇಲ್ಲ.

"ಕೈ ಹಾಕಿದ್ರೆ ಏನಾಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ ಡಾಕ್ಟ್ರೆ. ನೀವೇ ಯೋಚನೆ ಮಾಡಿ," ಎಂದರು ಅಕ್ಕ.

ಡಾಕ್ಟರು ಪೆಟ್ಟಿಗೆ ಮುಚ್ಚಿ ಎತ್ತಿಕೊಂಡು ಹೊರಟೇಬಿಟ್ಟರು. ಗಿಟಾರಿನವರು ಚಹಾವನ್ನು ಅರ್ಧಕ್ಕೆ ಬಿಟ್ಟು, ಇನ್ನೊಂದು ದಾರಿ ಹಿಡಿದರು.

ಒಂದು ವಾರ ಯಾವ ಸುದ್ದಿಯೂ ಇಲ್ಲ. ಆಮೇಲೆ ಡಾಕ್ಟರು ಒಬ್ಬರೇ ಬಂದರು, ಪೆಟ್ಟಿಗೆ ಸಮೇತ. ಕುರ್ಚಿಯಲ್ಲಿ ಕೂತು, ಯಾರೂ ಕೇಳದಿದ್ದರೂ ಹೇಳಿದರು: "ನಮ್ಮನೆಯವಳು ಕೇಳಿದ್ಲು, ನೀವು ಆ ಕಾಲದಲ್ಲಿ ಆಸೆ ಪಟ್ಟಿದ್ದು ಇದರ ಬಣ್ಣಕ್ಕಾ, ದನಿಗಾ ಅಂತ. ಊಟ ಮಾಡ್ತಾ ಕೂತಿದ್ದೆ, ಎದ್ದು ಬಂದೆ."

ಬಿಚ್ಚಿ ನೋಡಬೇಕು, ಆದರೆ ಅದೇ ತಂತಿಯಲ್ಲಿ ಆಗುವುದಾದರೆ ಮಾತ್ರ ಮಾಡಬೇಕು ಎಂದು ಮಾತಾಯಿತು.

ಮರುದಿನ ಬೆಳಿಗ್ಗೆ ಅಕ್ಕ ಪಿಕಪ್ಪಿನ ಮುಚ್ಚಳ ತೆಗೆದರು. ಗಂಡ ಮುಂದಿನ ಅಂಗಡಿಯ ಬಾಗಿಲನ್ನೇ ತೆರೆಯಲಿಲ್ಲ, ಸುತ್ತಿಗೆಯ ಸದ್ದು ಬೇಡವೆಂದು. ಹಳೆಯ ತಂತಿಯನ್ನು ಯಂತ್ರಕ್ಕೆ ಕೊಡುವ ಧೈರ್ಯವಾಗದೆ, ಕೈಯಿಂದಲೇ ಒಂದೊಂದು ಸುತ್ತು ಬಿಚ್ಚಿ ಇನ್ನೊಂದು ಉರುಳೆಗೆ ಏರಿಸತೊಡಗಿದರು. ಅತ್ತೆ ಪಕ್ಕದಲ್ಲಿ ಕೂತು ಉರುಳೆ ತಿರುಗಿಸಿದರು. ಅವರಿಗೆ ಕಣ್ಣು ಬೇಕಾಗಿರಲಿಲ್ಲ. ತಂತಿ ಎಲ್ಲಿ ಬಿಗಿಯಿತು, ಎಲ್ಲಿ ಸಡಿಲವಾಯಿತು ಎಂಬುದು ಅವರ ಬೆರಳಿಗೇ ಗೊತ್ತಾಗುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಅಂದರು: "ಇವಳು ಎಡಗೈಯವಳು ಕಣೇ."

"ಯಾರು ಅತ್ತೆ?"

"ಇದನ್ನ ಸುತ್ತಿದೋಳು. ಎಲ್ಲಾ ಆ ಕಡೆಗೇ ಒತ್ತಿದ್ದಾಳೆ ನೋಡು. ನಾವು ಈ ಕಡೆ ಒತ್ತೋದು."

ಅಕ್ಕ ಭೂತಗನ್ನಡಿ ಹಿಡಿದು ನೋಡಿದರು. ನಿಜ. ಸುರುಳಿ ಒಂದು ಪಕ್ಕಕ್ಕೆ ತುಸು ದಪ್ಪವಾಗಿತ್ತು, ಬಿಚ್ಚಿದ ಪದರಗಳಲ್ಲೆಲ್ಲ ಹಾಗೆಯೇ. ಎಲ್ಲೋ ಯಾವುದೋ ಕಾರ್ಖಾನೆಯಲ್ಲಿ ಎಷ್ಟೋ ವರ್ಷದ ಹಿಂದೆ ಕೂತಿದ್ದ, ಹೆಸರೇ ಗೊತ್ತಿಲ್ಲದ ಒಬ್ಬ ಹೆಂಗಸಿನ ಕೈ. "ಆವಾಗ ನಂಗೆ ಮೈ ಜುಂ ಅಂತು," ಎನ್ನುತ್ತಾರೆ ಅಕ್ಕ. "ಯಾರದೋ ಮನೆ ಅಡುಗೆಕೋಣೆಗೆ ಹೇಳದೆ ಹೋದ ಹಾಗೆ. ಡಬ್ಬಿಯೆಲ್ಲಾ ಅವಳು ಇಟ್ಟ ಜಾಗದಲ್ಲೇ ಇವೆ. ನಾವು ಮುಟ್ಟಿದ್ರೂ ಅಲ್ಲಲ್ಲೇ ಇಡಬೇಕು."

ಹಸಿರು ಚುಕ್ಕೆಯೊಂದು ಕಾಣಿಸಿತು. ಕಿಲುಬು ಹಿಡಿದು ತಂತಿ ತುಂಡಾದ ಜಾಗ. ಅಕ್ಕ ತುದಿಗಳನ್ನು ಒರೆಸಿ, ಸೂಜಿಮೊನೆಯಷ್ಟು ಬೆಸುಗೆ ಹಾಕಿದರು. ತಂತಿ ಪೂರ್ತಿ ಕೂಡಿಕೊಂಡಿದೆಯೇ ಎಂದು ನೋಡಲು ಮೀಟರು ಹಚ್ಚಿದರು. ಮುಳ್ಳು ಏಳಲಿಲ್ಲ.

ಇನ್ನೂ ಒಳಗೆ ಎಲ್ಲೋ ಮತ್ತೊಂದು ಕಡೆ ತುಂಡಾಗಿದೆ ಎಂದರ್ಥ. ಇಲ್ಲಿಗೆ ನಿಲ್ಲಿಸಿ, ಬಿಚ್ಚಿದಷ್ಟನ್ನು ಸುತ್ತಿ ಮುಚ್ಚಿದರೆ ಗಿಟಾರು ಮೊದಲು ಇದ್ದ ಹಾಗೆ ಇರುತ್ತದೆ. ಮೂಕವಾಗಿ, ಆದರೆ ಹಾಳಾಗದೆ. ಮುಂದಕ್ಕೆ ಹೋದರೆ ಏನು ಬೇಕಾದರೂ ಆಗಬಹುದು. ಅವರು ಡಾಕ್ಟರಿಗೆ ಫೋನು ಮಾಡಿದರು.

ಡಾಕ್ಟರು ಎಲ್ಲ ಕೇಳಿಸಿಕೊಂಡರು. ಹಿಂದೆ ಯಾರೋ ರೋಗಿ ಬಾಯಿ ತೊಳೆಯುವ ಸದ್ದು ಕೇಳುತ್ತಿತ್ತು.

"ನಿಮಗೇನು ಅನ್ಸುತ್ತೆ ಅಮ್ಮ?"

"ಕೈ ಹೋಗು ಅನ್ನುತ್ತೆ. ತಲೆ ಬೇಡ ಅನ್ನುತ್ತೆ."

"ನಾನು ಹಲ್ಲು ಕೀಳುವಾಗ ಕೈ ಹೇಳಿದ್ದೇ ಕೇಳೋದು," ಎಂದರು ಡಾಕ್ಟರು. ಆ ರೋಗಿಗೆ ಇದನ್ನು ಕೇಳಿ ಏನನ್ನಿಸಿತೋ! "ಹೋಗಿ. ಏನಾದ್ರೂ ಆದ್ರೆ ಅದು ನನ್ನ ಮಾತಿನ ಮೇಲೆ."

ಅಕ್ಕ ಮತ್ತೆ ಕೂತರು. ಬಿಸಿಲು ಮೇಜಿನಿಂದ ನೆಲಕ್ಕೆ ಇಳಿಯಿತು. ಬೀದಿಯಲ್ಲಿ ಲಾರಿಗಳು ಶುರುವಾದವು. ಪ್ರತಿ ಲಾರಿಗೂ ಅಕ್ಕ ಕೈ ನಿಲ್ಲಿಸಿ, ಅದು ದಾಟಿ ಹೋದ ಮೇಲೆ ಮುಂದುವರಿಸಿದರು. ಎರಡು ಕಡೆ ಬೆರಳ ಸಂದಿನಲ್ಲೇ ತಂತಿ ಕಿತ್ತುಹೋಯಿತು. ಎರಡನ್ನೂ ಬೆಸೆದರು. ಮನೆಯಲ್ಲಿ ಅಂದು ಅಡುಗೆ ಮಾಡಿದ್ದು ಗಂಡ. ಏನು ಮಾಡಿದ್ದರೆಂದು ಅಕ್ಕನಿಗೂ ನೆನಪಿಲ್ಲ, ಅತ್ತೆಗೆ ಮಾತ್ರ ಉಪ್ಪು ಹೆಚ್ಚಾಗಿದ್ದು ಚೆನ್ನಾಗಿ ನೆನಪಿದೆ.

ಸುರುಳಿ ಅರ್ಧದಷ್ಟು ಕರಗಿದಾಗ ಎರಡನೇ ಹಸಿರು ಚುಕ್ಕೆ ಸಿಕ್ಕಿತು. ಬೆಸುಗೆ ಹಾಕಿ, ತಣ್ಣಗಾಗಲು ಬಿಟ್ಟು, ಅಕ್ಕ ಮೀಟರಿನ ಕಡ್ಡಿಗಳನ್ನು ಅತ್ತೆಯ ಕೈಗೆ ಕೊಟ್ಟರು. "ನೀವೇ ಹಚ್ಚಿ ಅತ್ತೆ, ನಾನು ಮುಳ್ಳು ನೋಡ್ತೀನಿ."

ಅತ್ತೆ ಹಚ್ಚಿದರು. ಮುಳ್ಳು ಮೆಲ್ಲಗೆ ಎದ್ದು ನಿಂತಿತು.

"ಏನಾಯ್ತೇ? ನಂಗೆ ಕಾಣಲ್ಲ, ಬಾಯಿ ಬಿಡು!" ಎಂದು ಅತ್ತೆ ಗದರಿದರು.

ಅದೇ ತಂತಿಯನ್ನು ಮತ್ತೆ ಸುತ್ತಲು ಎರಡು ಬೆಳಿಗ್ಗೆ ಹಿಡಿಯಿತು. ಆ ಎಡಗೈ ಹೆಂಗಸು ಒತ್ತಿದ ಕಡೆಗೇ ಒತ್ತಬೇಕಲ್ಲ, ಅದಕ್ಕೆ ಅಕ್ಕ ಮೇಜಿನ ಇನ್ನೊಂದು ಬದಿಗೆ ಕುರ್ಚಿ ಎಳೆದುಕೊಂಡು, ಎಡಗೈಯಲ್ಲಿ ತಂತಿ ಹಿಡಿದರು. ಊಟದ ಚಮಚವನ್ನೂ ಎಡಗೈಯಲ್ಲಿ ಹಿಡಿಯಲು ಬಾರದ ಅವರಿಗೆ ಅದು ಹೇಗೆ ಬಂತೋ. "ಅವಳೇ ಸುತ್ತಿಸಿಕೊಂಡಳು ಅಂತ ಅತ್ತೆ ಅಂತಾರೆ. ಹಾಗೇನಿಲ್ಲ. ನಿಧಾನ ಮಾಡಿದೆ, ಅಷ್ಟೇ," ಎನ್ನುತ್ತಾರೆ ಅಕ್ಕ.

ಆ ಶನಿವಾರ ಅಂಗಡಿಗೆ ಬೇಗ ಬೀಗ ಬಿತ್ತು. ಗಂಡ ಗ್ರೀಸಿನ ಕಲೆ ಹೋಗುವವರೆಗೂ ಕೈ ಉಜ್ಜಿಕೊಂಡರು. ಅಕ್ಕ, ಗಂಡ, ಅತ್ತೆ ಮೂವರೂ ಈ ಸಲ ಹೋಟೆಲಿನ ಮುಂಬಾಗಿಲಿನಿಂದಲೇ ಒಳಗೆ ಹೋದರು. ಡಾಕ್ಟರೂ ಅವರ ಹೆಂಡತಿಯೂ ವೇದಿಕೆಯ ಹತ್ತಿರದ ಮೇಜಿನಲ್ಲಿ ಇವರಿಗೂ ಜಾಗ ಹಿಡಿದಿದ್ದರು. ಗಿಟಾರಿನವರು ಕೆಂಪು ಗಿಟಾರನ್ನು ಹೆಗಲಿಗೆ ಏರಿಸಿ, ಮೊಣಕೈಯನ್ನು ಆ ಸವೆದ ಜಾಗದಲ್ಲಿಟ್ಟು, ಒಂದು ತಂತಿ ಮೀಟಿದರು. ಬೇರೇನೂ ನುಡಿಸಲಿಲ್ಲ. ಅದು ಪೂರ್ತಿ ಅಡಗುವ ತನಕ ಕಾದರು. ದುಂಡನೆಯ, ಸ್ವಲ್ಪ ಒರಟಾದ ದನಿ. ಗಟ್ಟಿಯಾಗಿ ಹೊರಟು ಕೊನೆಗೆ ಪಿಸುಮಾತಿನಂತೆ ತೆಳ್ಳಗಾಯಿತು. ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

"ಸಾಕು, ಗಾಜು ಸವೆದೀತು," ಎಂದು ಹೆಂಡತಿ ಅವರ ಕೈ ಹಿಡಿದು ಎಬ್ಬಿಸಿದರು. ಎರಡನೇ ಹಾಡಿಗೆ ಆ ದಂಪತಿ ಮೇಜುಗಳ ನಡುವಿನ ಚೂರು ಜಾಗದಲ್ಲಿ ಹೆಜ್ಜೆ ಹಾಕಿದರು. ಇಬ್ಬರಿಗೂ ಮಂಡಿ ನೋವು, ಹಾಗಾಗಿ ಬಹುಮಟ್ಟಿಗೆ ನಿಂತಲ್ಲೇ ಓಲಾಡಿದರು. ಅಕ್ಕನ ಗಂಡ ಅದನ್ನು ನೋಡಿ ಅಕ್ಕನ ಕಡೆ ತಿರುಗಿದಾಗ, ಅಕ್ಕ "ರೀ, ಸುಮ್ಮನೆ ಕೂತ್ಕೊಳ್ಳಿ" ಎಂದರಂತೆ.

ಕಾರ್ಯಕ್ರಮ ಮುಗಿದ ಮೇಲೆ ಗಿಟಾರಿನವರು ವಾದ್ಯವನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಡಾಕ್ಟರ ಮುಂದೆ ತಂದಿಟ್ಟರು. ಡಾಕ್ಟರು ಪೆಟ್ಟಿಗೆಯ ಹಿಡಿಯನ್ನು ಹಿಡಿದರು, ಎತ್ತಲಿಲ್ಲ.

"ಬೆರಳು ಪೂರ್ತಿ ನಿಂತುಹೋಗಿದೆಯಾ?"

"ಪೂರ್ತಿ ಇಲ್ಲ. ಜೋರು ಹಾಡು ಆಗಲ್ಲ. ನಿಧಾನದ್ದು ಆಗುತ್ತೆ."

"ಹಾಗಿದ್ರೆ ನಿಧಾನದ್ದೇ ನುಡಿಸು. ಇದು ನಿನ್ನ ಮನೇಲೇ ಇರ್ಲಿ. ನಿನಗೆ ಒಂದೂ ಆಗದೇ ಇರೋ ದಿನ ನನ್ನ ಕಪಾಟಿಗೆ ತಂದುಬಿಡು. ಆದ್ರೆ ಮಂಚದ ಕೆಳಗೆ ಇಟ್ಟೆ ಅಂದ್ರೆ ನೋಡು, ಇರೋ ಹಲ್ಲೆಲ್ಲಾ ಕೀಳ್ತೀನಿ."

ಹೀಗೆ ಕೊನೆಯ ಶನಿವಾರ ಕೊನೆಯದಾಗಲಿಲ್ಲ. ಗಿಟಾರಿನವರು ಈಗಲೂ ನಿಧಾನದ ಹಾಡುಗಳಿಗೆ ಮಾತ್ರ ವೇದಿಕೆ ಹತ್ತುತ್ತಾರೆ. ಡಾಕ್ಟರ ಕಪಾಟಿನಲ್ಲಿ ಒಂದು ಗಿಟಾರಿನ ಜಾಗ ಖಾಲಿ ಇದೆ. ಬೇರೆ ಗಿಟಾರುಗಳನ್ನೂ ಅವರು ಸರದಿಯ ಮೇಲೆ ಹೊರಗೆ ತೆಗೆದು, ನುಡಿಸುವವರನ್ನು ಮನೆಗೇ ಕರೆಸುತ್ತಾರೆ. ಅವುಗಳಲ್ಲಿ ಯಾವುದಾದರೂ ಕೆಮ್ಮಿದರೆ ಅದು ಅಕ್ಕನ ಮೇಜಿಗೆ ಬರುತ್ತದೆ.

ಅಕ್ಕನ ದಿನಗಳು ಈಗ ನೆಮ್ಮದಿಯಿಂದ ಸಾಗುತ್ತಿವೆ. ಬೆಳಿಗ್ಗೆ ತಂತಿ, ಲಾರಿಗಳು ಶುರುವಾದ ಮೇಲೆ ಒಲೆ, ಮಧ್ಯಾಹ್ನ ಬೆಸುಗೆ, ಸಂಜೆ ಚಹಾ ಕುಡಿಯಲು ಬರುವ ಗಿಟಾರಿನವರ ಜಗಳ ಬಿಡಿಸುವುದು. ಕಣ್ಣಿಗೆ ದಪ್ಪ ಕನ್ನಡಕ ಬಂದಿದೆ. ಬೆರಳು ಇನ್ನೂ ಬೆವರುವುದಿಲ್ಲ. ತಾನು ಸುತ್ತಿದ ಗಿಟಾರುಗಳು ಎಲ್ಲೆಲ್ಲಿವೆ ಎಂದು ಅವರು ಲೆಕ್ಕ ಇಟ್ಟಿಲ್ಲ. ಯಾವುದೋ ಅಂಗಡಿಯ ಮುಂದೆ ಹೋಗುವಾಗ ಒಳಗಿನಿಂದ ಗಿಟಾರಿನ ಸದ್ದು ಕೇಳಿದರೆ ಒಂದು ಗಳಿಗೆ ನಿಲ್ಲುತ್ತಾರಂತೆ. "ನಂದಾ ಅಂತ ನೋಡೋಕೆ. ಬಹಳ ಸಲ ನಂದಾಗಿರಲ್ಲ. ಆಗಲೂ ಕೇಳಿ ಹೋಗ್ತೀನಿ."

ಇಂದು ಬೆಳಿಗ್ಗೆ ಮೇಜಿನ ಮೇಲೆ ತಿರುಗುತ್ತಿರುವ ಪಿಕಪ್ಪು ಮಾತ್ರ ಯಾವ ಹಳೆಯ ಗಿಟಾರಿನದೂ ಅಲ್ಲ. ಹೋಟೆಲಿನ ಗಿಟಾರಿನವರ ಮೊಮ್ಮಗಳಿಗೆ ಬಡಗಿಯೊಬ್ಬರು ಹೊಸ ಗಿಟಾರು ಮಾಡುತ್ತಿದ್ದಾರೆ. ಅದಕ್ಕೆ ಬೇಕಾದದ್ದನ್ನು ಮೊದಲ ಸುತ್ತಿನಿಂದ ಅಕ್ಕನೇ ಸುತ್ತಿಕೊಡಬೇಕೆಂದು ತಾತನ ಹಟ. ಇಷ್ಟು ವರ್ಷ ಬೇರೆಯವರು ಸುತ್ತಿದ್ದನ್ನು ಸರಿಪಡಿಸಿದ ಕೈಗೆ, ಪೂರ್ತಿ ತನ್ನದೇ ಎನ್ನುವಂಥದ್ದು ಇದೇ ಮೊದಲು.

ಯಂತ್ರ ನಿಲ್ಲಿಸಿ, ತಂತಿಯ ತುದಿಯನ್ನು ಅಂಟಿಸಿ, ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾರೆ. ಅತ್ತೆಯ ಕೈಗೆ ಕೊಡುತ್ತಾರೆ. ಅತ್ತೆ ಹೆಬ್ಬೆರಳಿನಿಂದ ಸವರಿ, ಬಿಚ್ಚದೆ ಹಿಂತಿರುಗಿಸುತ್ತಾರೆ.

ಹಳೆಯದಕ್ಕೇ ಅಷ್ಟೊಂದು ಬೆಲೆಯಿರುವ ಈ ಲೋಕದಲ್ಲಿ ಹೊಸದೊಂದನ್ನು ಮಾಡುವಾಗ ಮನಸ್ಸಿಗೆ ಏನನ್ನಿಸುತ್ತದೆ ಎಂದು ಕೇಳಿದರೆ, ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ.

"ಆ ಹಳೇದೆಲ್ಲಾ ಒಂದು ದಿನ ಹೊಸದೇ ಆಗಿತ್ತಲ್ವಾ? ನಾನು ಸರಿಯಾಗಿ ಸುತ್ತಿ ಕೊಡ್ತೀನಿ. ಆ ಹುಡುಗಿ ದಿನಾ ನುಡಿಸಲಿ. ಹಳೇದಾಗೋದು ಅದು ತಾನಾಗೇ ಆಗುತ್ತೆ."